ಮಾವನ ಓರೆ ಕಡ್ಡಿಗಳು

ನಮ್ಮ ಮಾವನವರಿಗೆ ಅಲುಗಾಡುವ ವಸ್ತು ಕಂಡರೆ ಆಗುವುದಿಲ್ಲ. ಸ್ಟೂಲಿನ ಕಾಲು ಕುಂಟಿದರೆ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಅದಕ್ಕೊಂದು ಚಕ್ಕೆ ಬಡಿದು ಬರುತ್ತಾರೆ. ಅಂಥವರ ಮನೆಗೆ, ಮೇಡ್ಲೇರಿಗೆ, ಸೊಸೆಯಾಗಿ ಬಂದವಳು ನಾನು. ನನ್ನ ಸಂಶೋಧನೆಯೋ, ಅಲುಗಾಡುವ ಹರಳುಗಳ ಮೇಲೆ. ಜಾತಕ ನೋಡಿದವರು ಇದೊಂದನ್ನು ನೋಡಿರಲಿಲ್ಲ.

ಈ ಹರಳುಗಳು ಕಲ್ಲುಸಕ್ಕರೆಯ ಹಾಗೆ ಒಳಗೆಲ್ಲ ಗಟ್ಟಿಯಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಗಂಟುಗಳ ನಡುವೆ ಇಂಗಾಲದ ಕಡ್ಡಿಗಳು ಸೇರಿ ಆದ ಚೌಕಟ್ಟುಗಳು ಇವು. ಒಳಗೆ ಸಾಲುಸಾಲು ಖಾಲಿ ಕೋಣೆಗಳು, ಅನಿಲ ತುಂಬಿಡಲು ಅನುಕೂಲ. ಇವನ್ನು ಒತ್ತಿದರೆ ಏನಾಗುತ್ತದೆಂದು ನೋಡುವುದೇ ನನ್ನ ಕೆಲಸ. ಕೆಲವು ಕುಸಿದುಬಿಡುತ್ತವೆ. ಕೆಲವು, ಅಂಗಡಿಯ ಮಡಚುವ ಗೇಟಿನ ಹಾಗೆ, ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಉದ್ದವಾಗಿ, ಬಿಟ್ಟಕೂಡಲೇ ಮೊದಲಿನಂತಾಗುತ್ತವೆ. ನನ್ನ ಜೀವವೆಲ್ಲ ಈ ಎರಡನೆಯವುಗಳ ಮೇಲೆ.

ಮಗಳು ಹುಟ್ಟಿದ ಮೇಲೆ ಕೆಲಸ ನಿಂತುಹೋಯಿತು. ಇವತ್ತು ನಾಳೆ ಎನ್ನುತ್ತಾ ದಿನ ದೂಡಿದೆ. ಕೊನೆಗೆ ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಯವರು ಹಾವೇರಿಗೆ ಕರೆದರು. ಬಂದು ನಿಮ್ಮ ವಿಷಯ ಮಂಡಿಸಿ, ನಮಗೆ ಒಪ್ಪಿಗೆಯಾಗದಿದ್ದರೆ ಪಿಎಚ್‌ಡಿ ನೋಂದಣಿ ರದ್ದು ಎಂದರು. ಅಷ್ಟು ವರ್ಷ ಓದಿದ್ದು ನೀರುಪಾಲಾಗುತ್ತದೆ ಎಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆ ದಿನಗಳಲ್ಲೇ ಮಾವ ಮೊಮ್ಮಗಳಿಗೆ ಜೋಳದ ದಂಟಿನಿಂದ ಆಟದ ಚಕ್ಕಡಿಗಾಡಿ ಮಾಡಿಕೊಟ್ಟರು. ದಂಟಿನ ಸಿಪ್ಪೆ ಸೀಳಿ ಕಡ್ಡಿ, ಒಳಗಿನ ಮೆತ್ತನೆಯ ಬೆಂಡು ಕತ್ತರಿಸಿ ಗಾಲಿ. ನೋಡುತ್ತಿದ್ದಂತೆ ನನಗೆ ಹೊಳೆಯಿತು: ಬೆಂಡಿನ ತುಂಡೇ ಲೋಹದ ಗಂಟು, ಸಿಪ್ಪೆಯೇ ಇಂಗಾಲದ ಕಡ್ಡಿ. ಬೆಂಡು ಮೆತ್ತಗಿರುವುದರಿಂದ ಚೌಕಟ್ಟು ವಾಲುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಸಮಿತಿಯ ಮುಂದೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಬಿಳಿಜೋಳದ ದಂಟಿಗಾಗಿ ಮಾವ ಗುತ್ತಲದ ಗೆಳೆಯರ ಹೊಲಕ್ಕೆ ಹೋಗಿ ಒಂದು ಹೊರೆಯನ್ನೇ ತಂದರು. ಇಬ್ಬರೂ ಪಡಸಾಲೆಯಲ್ಲಿ ಕೂತು ಕಟ್ಟಿದೆವು. ಎಂಟು ಕೋಣೆಗಳ ಚೌಕಟ್ಟು ಎದ್ದು ನಿಂತಿತು. ಮಾವ ಅದರ ಮೇಲೆ ಅಂಗೈ ಇಟ್ಟರು. ಅದು ವಾಲಿತು. ಅವರ ಮುಖ ಸಪ್ಪಗಾಯಿತು.

"ಅಲ್ಲವ್ವಾ, ಇದು ಅಲಗ್ಯಾಡತೈತಿ. ದೊಡ್ಡ ಮಂದಿ ಮುಂದ ಇಂಥಾದ್ದು ಇಟ್ರ ನಗತಾರ."

"ಅಲಗ್ಯಾಡಬೇಕ್ರಿ ಮಾವ. ಅದಕ್ಕ ಮಾಡೇನಿ."

ಅವರು ಒಪ್ಪಲಿಲ್ಲ. ಒಂದು ಕಡ್ಡಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಸಿಕ್ಕಿಸಿದರು. ನಾನು ಕಿತ್ತೆ. ಮಧ್ಯಾಹ್ನ ನೋಡಿದರೆ ಮತ್ತೆ ಇತ್ತು. ಮತ್ತೆ ಕಿತ್ತೆ. ಕಾರಣ ಹೇಳಿದೆ, ಸಿಡುಕಿದೆ. ಆಗಲಿ ಎಂದು ತಲೆಯಾಡಿಸಿದರು. ಮಾವ ಅಷ್ಟು ಸುಲಭಕ್ಕೆ ತಲೆಯಾಡಿಸಿದಾಗಲೇ ನಾನು ಎಚ್ಚರಾಗಬೇಕಿತ್ತು.

ಹೊರಡುವ ದಿನ ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಅವರೇ ಚೌಕಟ್ಟನ್ನು ಹಳೆಯ ಧೋತರದಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಬಿಗಿದು ಕಟ್ಟಿದ್ದರು. ಬಸ್ಸಿನ ಧೂಳು ಬಡಿದೀತು, ಅಲ್ಲಿಯೇ ಹೋಗಿ ಬಿಚ್ಚು ಎಂದರು.

ಸಮಿತಿಯ ಮುಂದೆ ಬಿಚ್ಚಿದೆ. ಈಗ ನೋಡಿ, ಇದು ಹೇಗೆ ವಾಲುತ್ತದೆ ಎಂದು ಜಂಬದಿಂದ ಹೇಳಿ ಅಂಗೈಯಿಂದ ಒತ್ತಿದೆ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಆಗ ಕಣ್ಣಿಗೆ ಬಿತ್ತು: ಒಂದೂ ಬಿಡದೆ ಪ್ರತಿ ಚೌಕಕ್ಕೂ ಓರೆ ಕಡ್ಡಿ, ತುದಿ ನುಣ್ಣಗೆ ಕೊರೆದು ಕೂರಿಸಿದ್ದು. ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ, ಮಾವನ ಆ ಅಚ್ಚುಕಟ್ಟು ಕಂಡು, ಒಂದು ಕಡ್ಡಿಯ ತುದಿಯನ್ನು ಬೆರಳಿನಿಂದ ಸವರಿದೆ.

ಸಮಿತಿಯ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, ನಿಮ್ಮ ಹರಳು ಬಾಗುತ್ತದೆ ಎಂದಿರಲ್ಲ ಎಂದು ಕೇಳಿದರು. ಬಾಯಿಗೆ ಬಂದದ್ದನ್ನು ಹೇಳಿದೆ: ಇದು ಬಾಗದ ಜಾತಿ ಸರ್, ಬಾಗುವುದನ್ನು ಈಗ ಮಾಡುತ್ತೇನೆ. ಒಂದು ದಿಕ್ಕಿಗೆ ವಾಲದಂತೆ ತಡೆದಿದ್ದ ಓರೆ ಕಡ್ಡಿಗಳನ್ನು ಒಂದೊಂದಾಗಿ ಕಿತ್ತೆ. ಒತ್ತಿದರೆ ಚೌಕಟ್ಟು ಆ ದಿಕ್ಕಿಗೆ ಮಾತ್ರ ವಾಲಿತು, ಕೈ ತೆಗೆದರೆ ಎದ್ದು ನಿಂತಿತು. ಬೇರೆ ದಿಕ್ಕಿಗೆ ಬಂಡೆಯಂತೆ ಗಟ್ಟಿ. ನಿಜವಾದ ಹರಳುಗಳೂ ಹೀಗೆಯೇ, ಒಂದು ಕಡೆ ಬಿಗುವು, ಒಂದು ಕಡೆ ಸಡಿಲು. ಅಲ್ಲಿಂದ ಪ್ರಶ್ನೆಗಳ ಮೇಲೆ ಪ್ರಶ್ನೆ ಬಂದವು. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಹೊರಗೆ ಕಾಯಲು ಹೇಳಿ, ಒಳಗೆ ಕರೆದು, ಮುಂದುವರಿಸಿ ಎಂದರು.

ರಾಣೇಬೆನ್ನೂರು ಬಸ್ಸು ಹತ್ತಿ ಕೂತಾಗ ಮಾವನನ್ನು ಹೇಗೆ ತರಾಟೆಗೆ ತೆಗೆದುಕೊಳ್ಳುವುದೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ, ಯಾಕೋ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿತ್ತ ಕಡ್ಡಿಗಳನ್ನು ಪರ್ಸಿನಿಂದ ತೆಗೆದು ಒಂದೊಂದಾಗಿ ಅವುಗಳ ಜಾಗಕ್ಕೆ ಸಿಕ್ಕಿಸತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು, ಮಗುವಿನ ಆಟಿಕೆಯೇ ಎಂದು ಕೇಳಿದಳು. ಹೌದೆಂದೆ.

ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಮೇಡ್ಲೇರಿಯಲ್ಲಿ ಇಳಿದರೆ ಮಾವ ಅಲ್ಲೇ ನಿಂತಿದ್ದರು. ಸಮಿತಿಯವರು ಏನೆಂದರು ಎಂದು ಕೇಳಲಿಲ್ಲ. ಬುಟ್ಟಿ ಇಸಿದುಕೊಂಡು, ಧೋತರ ಸರಿಸಿ, ಚೌಕಟ್ಟಿನ ಮೇಲೆ ಅಂಗೈ ಊರಿದರು.

"ಅಲಗ್ಯಾಡಲಿಲ್ಲ, ಹೌದಿಲ್ಲೋ?"

"ಒಂದೀಟೂ ಇಲ್ರಿ ಮಾವ. ಒಪ್ಪಿಗಿ ಕೊಟ್ರು."

ಒಪ್ಪಿಗೆ ತಮಗೇ ಸಿಕ್ಕಿತೇನೋ ಎಂಬಂತೆ ಬುಟ್ಟಿ ಹೆಗಲಿಗೇರಿಸಿ ನನಗಿಂತ ಮುಂದೆ ನಡೆದರು.