ಬೊಂಬೆ ಮೊದಲು ಚಾಪೆಗೆ

ನಮ್ಮ ಯಜಮಾನಮ್ಮನ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಅರಗಿನ ಕೆಂಪು. ಮದುವೆ ಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಊಟದ ಎಲೆಯ ಮುಂದೆ ಆ ಉಗುರುಗಳೇ ಮೊದಲು ಕಾಣುತ್ತಿದ್ದವು. ಚನ್ನಪಟ್ಟಣದ ಅವರ ಬೊಂಬೆ ಕಾರ್ಖಾನೆಯಲ್ಲಿ ನಾನು ಬಣ್ಣ ಹಾಕುತ್ತಿದ್ದೆ.

ಅವರ ಮಾವನ ಕಾಲದ ಪದ್ಧತಿಯೇ ಬೇರೆ. ಮಾದರಿ ಕಣ್ಣಿಗೆ ಚೆಂದ ಕಂಡರೆ ಮುಗಿಯಿತು, ರಾಶಿಗಟ್ಟಲೆ ಮಾಡಿ ಕಳಿಸುವುದು. ಆಮೇಲೆ ಮುರಿದರೆ ಕೊಂಡವರ ಹಣೆಬರಹ. ಯಜಮಾನಮ್ಮ ಬಂದ ಮೇಲೆ ಅದು ನಿಂತಿತು. ಹೊಸ ಬೊಂಬೆಯಾದರೆ ಮೊದಲು ನಾಲ್ಕೈದೇ ಮಾಡಿಸಿ, ಅಂಗಳದಲ್ಲಿ ಚಾಪೆ ಹಾಸಿ, ಕೆಲಸದವರ ಮಕ್ಕಳ ಕೈಗೆ ಕೊಟ್ಟು ತಾವೂ ಪಕ್ಕದಲ್ಲೇ ಕೂರುವರು. ಏನೇ ಬರಲಿ, ನಡುವೆ ಎದ್ದು ಹೋಗುತ್ತಿರಲಿಲ್ಲ. ಮಕ್ಕಳು ಎಸೆದದ್ದು, ಕಚ್ಚಿದ್ದು ನೋಡಿ ತಿದ್ದಿಸಿ, ಮತ್ತೆ ಚಾಪೆಗೆ ತರುವರು.

ಹಳೇ ಮೇಸ್ತ್ರಿಗೆ ಇದು ನಗೆಪಾಟಲು. "ಏನಮ್ಮೋ, ಬೊಂಬೆ ಮಾಡೋರು ನಾವೋ, ಈ ಸಿಂಬ್ಳ ಸುರಿಸ್ಕೊಂಡು ಕೂತವ್ರೋ?"

"ಆಡೋರು ಅವ್ರು ಕಣಪ್ಪ. ಬೊಂಬೆ ಮೊದ್ಲು ಚಾಪೆಗೆ, ಆಮೇಲೆ ಸಂತೆಗೆ," ಅನ್ನುವರು ಯಜಮಾನಮ್ಮ.

ಒಂದು ಸಲ ಬೆಂಗಳೂರಿನ ವ್ಯಾಪಾರಿ ಪುಟ್ಟ ಗಾಡಿಗಳಿಗೆ ಅವಸರ ಮಾಡಿದ. ಮರ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೇಸ್ತ್ರಿ ಮಾದರಿ ಕಡೆದು, ಚಕ್ರ ಎಳೆದು ತೋರಿಸಿ, "ಬಿಗಿಯಾಗೈತೆ ಕಣಮ್ಮ, ಎಲ್ಲಾ ಮಾಡ್ಬುಡನ" ಎಂದ. ಯಜಮಾನಮ್ಮ ಒಪ್ಪಲಿಲ್ಲ. ವ್ಯಾಪಾರಿ ದಿನಾ ಫೋನಿನಲ್ಲಿ ಕೂಗಾಡಿದರೂ ಮಾದರಿ ಗಾಡಿಗಳು ಚಾಪೆಯ ಮೇಲೇ ಉಳಿದವು. ಹಸಿ ಮರ ಒಣಗುತ್ತ ಕುಗ್ಗಿತು, ಚಕ್ರದ ಬಿಗಿ ಸಡಿಲಾಯಿತು. ಒಂದು ಬೆಳಿಗ್ಗೆ ಅಂಬೆಗಾಲಿಡುವ ನನ್ನ ಮಗಳು ಎಳೆದದ್ದೇ ತಡ, ಚಕ್ರ ಕಿತ್ತು ಬಂದು ನೇರ ಬಾಯಿಗೆ ಹೋಯಿತು.

"ಅಯ್ಯೋ ನನ್ನವ್ವಾ!" ಎಂಬ ಯಜಮಾನಮ್ಮನ ಕೂಗಿಗೆ ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ, ಅವರು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಹೊಡೆಯುತ್ತಿದ್ದರು. ಜೊಲ್ಲಿನ ಜೊತೆ ಚಕ್ರ ಹೊರಗೆ ಬಿತ್ತು. ಮಗಳು ಕಿಟಾರನೆ ಕಿರುಚಿದಳು. ದೇವರೇ, ಅಷ್ಟು ಇಂಪಾದ ಅಳು ನಾನು ಕೇಳಿಯೇ ಇಲ್ಲ!

"ಅತ್ಲು ಕಣವ್ವ, ಅತ್ಲು!" ಎನ್ನುತ್ತ ಯಜಮಾನಮ್ಮನೂ ಅತ್ತುಬಿಟ್ಟರು.

ಆಮೇಲೆ ಮುಖ ತೊಳೆದು ವ್ಯಾಪಾರಿಗೆ ಫೋನ್ ಮಾಡಿದರು. "ಮರ ಒಣಗ್ಬೇಕು, ಮಗೀನ ಬಾಯ್ಗೆ ಹಿಡೀದಂಗೆ ಚಕ್ರ ದೊಡ್ಡದಾಗ್ಬೇಕು. ಕಾಯಕ್ಕಾಗ್ದಿದ್ರೆ ಬುಟ್ಬುಡಿ." ಅವನು ಗೊಣಗಿಕೊಂಡೇ ಕಾದ. ಅವತ್ತಿನಿಂದ ಮೇಸ್ತ್ರಿ ತಾನೇ ಚಾಪೆ ಕೊಡವಿ ಹಾಸತೊಡಗಿದ.

ಎಷ್ಟೋ ವರ್ಷಗಳ ಮೇಲೆ ಯಜಮಾನಮ್ಮ ತೀರಿಹೋದಾಗ ಮಗಳೂ ನನ್ನ ಜೊತೆ ಮಣ್ಣಿಗೆ ಬಂದಳು. ಅವರ ಋಣ ಯಾವ ಜನ್ಮಕ್ಕೂ ತೀರದು ಎಂದು ದಾರಿಯಲ್ಲಿ ಇದನ್ನೆಲ್ಲ ಹೇಳಿದೆ.

"ನಂಗೇನೂ ನೆನಪೇ ಇಲ್ವಲ್ಲವ್ವ," ಎಂದಳು, ತನ್ನ ಮಗನನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ.

"ಇಲ್ದಿದ್ರೆ ಬುಡು, ನೀನಿದ್ದೀಯಲ್ಲ," ಅಂದೆ.