ಬೆನ್ನ ಮೇಲೆ ಬರೆದ ಅಕ್ಷರ

ಪೃಥ್ವಿ, ಅನನ್ಯಾ,

ಹೋದ ಭಾನುವಾರ ಅತ್ತಿಗುಪ್ಪೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಪೃಥ್ವಿಯನ್ನು ದೊಡ್ಡ ಸ್ಕೂಲು ಬಿಡಿಸಿ ಕೆಂಗೇರಿಯ ಚಿಕ್ಕ ಶಾಲೆಗೆ ಸೇರಿಸುವ ಮಾತು ಬಂತು. ಓದು ಬರಹ ತೊಡಕಾಗುವ ಮಕ್ಕಳಿಗೆಂದೇ ಇರುವ ಶಾಲೆ ಅದು. ನಿಮ್ಮ ದೊಡ್ಡಪ್ಪ ಹಪ್ಪಳ ಮುರಿಯುತ್ತಾ, "ಅಲ್ಲಿಗೆ ಹಾಕಿದ್ರೆ ಮುಗೀತು ಬಿಡು. ನಮ್ಮ ವಂಶದಲ್ಲಿ ಯಾರಿಗೂ ಹಿಂಗಿರಲಿಲ್ಲಪ್ಪ," ಅಂದ. ಪೃಥ್ವಿ ತಲೆ ತಗ್ಗಿಸಿ ಅನ್ನ ಕಲೆಸುತ್ತಲೇ ಇದ್ದ. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ನಾಲ್ಕು ಜನರ ಮುಂದೆ ನನಗೆ ಯಾವತ್ತೂ ಬಾಯಿ ಬರುವುದಿಲ್ಲ. ನಿಮ್ಮ ತಾತ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಈಗ ಅವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಂಶದಲ್ಲಿ ಯಾರಿಗೂ ಇರಲಿಲ್ಲ ಅನ್ನುವುದು ಸುಳ್ಳು. ನನಗಿತ್ತು.

ನಾನು ಹುಡುಗಿಯಾಗಿದ್ದ ಕಾಲದಲ್ಲಿ ನಮ್ಮೂರು ಹೇರೋಹಳ್ಳಿ ಹಳ್ಳಿಯೇ ಆಗಿತ್ತು. ಈಗ ನೀವು ಆಟೋದಲ್ಲಿ ಕುಲುಕಾಡುತ್ತಾ ಹೋಗುವ ರಸ್ತೆಯ ಎರಡೂ ಕಡೆ ರಾಗಿ ಹೊಲ, ರಾಗಿಯ ನಡುನಡುವೆ ಅವರೆಯ ಸಾಲು. ಚಳಿಗಾಲ ಬಂತೆಂದರೆ ಊರಿಗೆ ಊರೇ ಅವರೆಕಾಯಿಯ ಸೊಗಡು. ನಮ್ಮ ಕೈ, ಲಂಗ, ಸ್ಲೇಟು ಎಲ್ಲಕ್ಕೂ ಅದೇ ವಾಸನೆ. ಬೆರಳಿಗೆ ಅಂಟಿದ ಜಿಡ್ಡು ಎರಡು ದಿನ ತೊಳೆದರೂ ಹೋಗುತ್ತಿರಲಿಲ್ಲ.

ಶಾಲೆ ಅಂದರೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸಿಗೆ ನೆಲದ ಮೇಲೆ ನಾಲ್ಕು ಸಾಲು. ನಾನು ಮೂರನೆಯ ಸಾಲಿನಲ್ಲಿ ಎರಡನೆಯ ವರ್ಷ ಕೂತಿದ್ದೆ. ಲೆಕ್ಕ ಬಾಯಲ್ಲೇ ಹೇಳುತ್ತಿದ್ದೆ. ಪದ್ಯ ಒಂದು ಸಲ ಕೇಳಿದರೆ ಸಾಕು, ಬರುತ್ತಿತ್ತು. ಆದರೆ ಪುಸ್ತಕ ಬಿಚ್ಚಿದರೆ, ಇರುವೆ ಸಾಲಿಗೆ ನೀರು ಚೆಲ್ಲಿದ ಹಾಗೆ ಅಕ್ಷರಗಳು ಚೆದುರಿ ಓಡುತ್ತಿದ್ದವು. ನನ್ನ ಪಕ್ಕದಲ್ಲಿ ಕೆಂಪಿ ಕೂರುತ್ತಿದ್ದಳು, ಅವಳದೂ ಅದೇ ಪಾಡು. ಓದಲು ಬಾರದವರಿಗೆ ನಮ್ಮ ಶಾಲೆಯಲ್ಲಿ ಬೇರೆ ಕೆಲಸವಿತ್ತು. ಕಸ ಗುಡಿಸಬೇಕು, ಬಾವಿಯಿಂದ ನೀರು ಸೇದಿ ತಂದು ಗಡಿಗೆ ತುಂಬಿಸಬೇಕು. ಎರಡು ವರ್ಷ ಅದನ್ನೇ ಮಾಡಿದೆವು.

ಕಾರ್ತಿಕದಲ್ಲಿ ಒಂದು ದಿನ ಮೇಷ್ಟ್ರು ನನ್ನ ಅಪ್ಪನನ್ನು ಕರೆಸಿದರು.

"ನೋಡಪ್ಪ, ನಿನ್ನ ಮಗಳು ಒಳ್ಳೇ ಹುಡುಗಿ. ಕಸ ಚೆನ್ನಾಗಿ ಗುಡಿಸ್ತಾಳೆ. ಆದ್ರೆ ಅಕ್ಷರ ಹತ್ತಲ್ಲ. ಶಿವರಾತ್ರಿ ಹೊತ್ತಿಗೆ ಇನ್‌ಸ್ಪೆಕ್ಟರ್ ಬರ್ತಾರೆ. ಅವರ ಮುಂದೆ ಒಂದು ಪುಟ ಓದಿದ್ರೆ ಸರಿ, ಇಲ್ದಿದ್ರೆ ಹೆಸರು ಹೊಡೆದುಹಾಕ್ತೀನಿ."

ಕೆಂಪಿಯ ಹೆಸರನ್ನು ಅವತ್ತೇ ಹೊಡೆದುಹಾಕಿದರು. ಕರೆಸಿದರೂ ಅವಳ ಅಪ್ಪ ಬಂದಿರಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆ ಮುನಿಯಪ್ಪ ತಾತನದು. ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಬಹಳ ವರ್ಷ ದುಡಿದು, ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು ಬಂದು ಜಗುಲಿಯ ಮೇಲೆ ಕೂತಿದ್ದರು. ಅವರ ಸೊಸೆ ನೆನೆಸಿದ ಅವರೆಕಾಳನ್ನು ಹಿತುಕಲು ನಮ್ಮಂಥ ಹುಡುಗಿಯರನ್ನು ಕರೆಯುತ್ತಿದ್ದಳು. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಬಟ್ಟಲಿಗೆ ಹಾರಬೇಕು. ಅವತ್ತು ನಾನು ಹಿತುಕುತ್ತಾ ಅಳುತ್ತಿದ್ದೆ.

"ಯಾರಮ್ಮಿ ಅದು, ಅಷ್ಟೊತ್ತಿಂದ ಮೂಗು ಸೊರಸೊರ ಅನ್ನಿಸ್ತಿರೋದು?" ಅಂದರು ತಾತ.

"ಸಾವಿತ್ರಿ, ತಾತ," ಅಂದಳು ಕೆಂಪಿ. "ಮೇಷ್ಟ್ರು ಹೆಸರು ಹೊಡೆದಾಕ್ತಾರಂತೆ. ನಂದು ಆಗ್ಲೇ ಹೊಡೆದಾಕವ್ರೆ."

"ಯಾಕೆ, ಏನ್ ಕದ್ರಿ?"

"ಏನೂ ಕದ್ದಿಲ್ಲ. ಅಕ್ಷರ ನೆಟ್ಟಗೆ ಕಾಣ್ಸಲ್ಲ. ಅಲ್ಲಾಡ್ತವೆ."

"ನಂಗೂ ಕಾಣ್ಸಲ್ಲ. ಅದಕ್ಕೇನೀಗ? ಕಣ್ಣು ಸುಳ್ಳು ಹೇಳಿದ್ರೆ ಬೆರಳನ್ನ ಕೇಳ್ಬೇಕು."

ಗಿರಣಿಯಲ್ಲಿ ತಾತನ ಕೆಲಸ ಎಳೆ ಸೇರಿಸುವುದು. ಮಗ್ಗ ಓಡುವ ಮೊದಲು ನೂರಾರು ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಹಣಿಗೆಯ ಸಂದಿಯಲ್ಲಿ ತೂರಿಸಬೇಕು. ಒಬ್ಬ ಹಿಂದೆ ಕೂತು ಎಳೆ ಕೊಡುತ್ತಾನೆ, ಇನ್ನೊಬ್ಬ ಮುಂದೆ ಕೂತು ಕೊಕ್ಕೆಯಿಂದ ಎಳೆದುಕೊಳ್ಳುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲ, ಎಲ್ಲವೂ ಬೆರಳಿನ ಅಂದಾಜು. ಒಬ್ಬ ನಿಧಾನವಾದರೆ ಇನ್ನೊಬ್ಬ ಕಾಯಬೇಕು. ಇಬ್ಬರದೂ ಮುಗಿಯುವ ತನಕ ಒಬ್ಬ ಏಳುವ ಹಾಗಿಲ್ಲ.

ತಾತ ನಮ್ಮನ್ನೂ ಹಾಗೇ ಕೂರಿಸಿದರು. ನಾನು ಮುಂದೆ, ಕೆಂಪಿ ಹಿಂದೆ. ತಾತ ಕೆಂಪಿಯ ಅಂಗೈಯಲ್ಲಿ ಒಂದು ಅಕ್ಷರ ಬರೆಯುವರು. ಅವಳು ಅದನ್ನು ನನ್ನ ಬೆನ್ನ ಮೇಲೆ ಬರೆಯಬೇಕು. ನಾನು ಕಣ್ಣು ಮುಚ್ಚಿಕೊಂಡು ಅದನ್ನು ನನ್ನ ತೊಡೆಯ ಮೇಲೆ ಬರೆದುಕೊಂಡು, ಆಮೇಲೆ ಬಾಯಿಬಿಟ್ಟು ಹೇಳಬೇಕು. ತಪ್ಪಾದರೆ ಇಬ್ಬರದೂ ತಪ್ಪು. ಮೊದಲ ವಾರ ಪೂರ್ತಿ ಕಚಗುಳಿಯಲ್ಲೇ ಕಳೆಯಿತು.

"ನಗಬೇಡ ಕಣೇ, ಅಕ್ಷರ ಕೆಟ್ಟೋಯ್ತದೆ," ಎಂದು ಕೆಂಪಿ ಬೈಯುತ್ತಿದ್ದಳು. ತಾತ ಬೈಯಲಿಲ್ಲ. ನಗು ನಿಲ್ಲುವ ತನಕ ಕಾಯುತ್ತಿದ್ದರು.

ಶಾಲೆ ಬಿಟ್ಟು ಬರುವ ಹುಡುಗರು ಬೀದಿಯಲ್ಲಿ ನಿಂತು, "ಬೆನ್ನು ಕೆರೆಯೋ ಸ್ಕೂಲು, ಬೆನ್ನು ಕೆರೆಯೋ ಸ್ಕೂಲು" ಎಂದು ಕೂಗುತ್ತಿದ್ದರು. ಒಂದು ದಿನ ತಾತ ಅವರಲ್ಲೊಬ್ಬನನ್ನು ಕರೆದು ಕೂರಿಸಿ, ಅವನ ಬೆನ್ನ ಮೇಲೆ ಬರೆದು, "ಹೇಳು ಮಗ, ಇದ್ಯಾವ ಅಕ್ಷರ?" ಅಂದರು. ಕ್ಲಾಸಿಗೇ ಮೊದಲನೆಯವನು ಅವನು. ಮೂರು ಸಲ ಬರೆದರೂ ಹೇಳಲಾಗಲಿಲ್ಲ. ಮೂರು ಸಲವೂ ಕೆಂಪಿ ಅವನ ಬೆನ್ನ ಮೇಲೆ ತಾತನ ಬೆರಳು ಆಡಿದ್ದನ್ನು ನೋಡಿಯೇ ಹೇಳಿದಳು.

ಅವರೆಕಾಯಿ ಬಲಿತು ಗಟ್ಟಿಯಾಗುವ ಹೊತ್ತಿಗೆ ನಮಗೆ ಒತ್ತಕ್ಷರ ಬಂದಿತ್ತು. ಪುಸ್ತಕದ ಅಕ್ಷರ ಅಲ್ಲಾಡುವುದು ನಿಲ್ಲಲಿಲ್ಲ, ಇವತ್ತಿಗೂ ನಿಂತಿಲ್ಲ. ಆದರೆ ಅಲ್ಲಾಡುವ ಅಕ್ಷರವನ್ನು ಹಿಡಿದು ತೊಡೆಯ ಮೇಲೆ ಇಟ್ಟರೆ ಅದು ಸುಮ್ಮನಾಗುತ್ತಿತ್ತು.

ಇನ್‌ಸ್ಪೆಕ್ಟರ್ ಬಂದರು. ನನ್ನ ಸರದಿ ಕೊನೆಗೆ. ಮೂರನೇ ಕ್ಲಾಸಿನ ಪುಸ್ತಕ ಕೈಗೆ ಕೊಟ್ಟು, ಆನೆಯ ಪಾಠ ತೆಗೆಯಲು ಹೇಳಿದರು. ನಾನು ಒಂದು ಕೈಯಲ್ಲಿ ಪುಸ್ತಕ ಹಿಡಿದು, ಇನ್ನೊಂದು ಕೈಯ ಬೆರಳನ್ನು ಲಂಗದ ಮೇಲೆ ಆಡಿಸುತ್ತಾ ಓದತೊಡಗಿದೆ. ಒಂದು ಸಾಲಿಗೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹುಡುಗರು ನಕ್ಕರು.

"ಇದೇನಮ್ಮ, ತೊಡೆ ಯಾಕೆ ಗೀಚ್ಕೊಳ್ತೀಯ?" ಅಂದರು ಇನ್‌ಸ್ಪೆಕ್ಟರ್.

"ಅದು ಆಟ ಕಟ್ತಾ ಇದೆ ಸಾರ್," ಅಂದರು ಮೇಷ್ಟ್ರು. "ಏ, ಕೈ ತೆಗಿಯೇ."

ನಾನು ಕೈ ತೆಗೆಯಲಿಲ್ಲ. ಎರಡನೆಯ ಸಾಲು ಓದಿದೆ, ಮೂರನೆಯದು ಓದಿದೆ. ನಾಲ್ಕನೆಯ ಸಾಲಿಗೆ ಇನ್‌ಸ್ಪೆಕ್ಟರ್, "ಸಾಕು ಬಿಡಮ್ಮ, ಗೊತ್ತಾಯ್ತು," ಅಂದರು. ನಾನು ನಿಲ್ಲಿಸಲಿಲ್ಲ. ಒಂದು ಪುಟ ಎಂದು ಮೇಷ್ಟ್ರೇ ಅಪ್ಪನಿಗೆ ಹೇಳಿದ್ದರು. ಪುಟದಲ್ಲಿ ಇನ್ನೂ ಒಂಬತ್ತು ಸಾಲಿತ್ತು. ಗಂಟೆ ಹೊಡೆಯಿತು. ಮನೆಗೆ ಓಡಬೇಕಾದ ಹುಡುಗರು ಎದ್ದು ನಿಂತಲ್ಲೇ ನಿಂತರು. ಕೊನೆಯ ಸಾಲಿನ ಕೊನೆಯ ಚುಕ್ಕಿ ಮುಟ್ಟಿದ ಮೇಲೆ ಪುಸ್ತಕ ಮುಚ್ಚಿ ಕೊಟ್ಟೆ.

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೂ ತಪ್ಪಿಲ್ವಲ್ರೀ ಮೇಷ್ಟ್ರೇ. ಪಾಸು ಮಾಡಿ."

ಮೇಷ್ಟ್ರು ನಾಲ್ಕನೆಯ ಕ್ಲಾಸಿನ ಸಾಲು ತೋರಿಸಿ, "ಹೋಗು, ಅಲ್ಲಿ ಕೂತ್ಕೋ," ಅಂದರು. ನಾನು ಮೂರನೆಯ ಸಾಲಿನಲ್ಲೇ ಕೂತೆ.

"ಕಿವಿ ಕೇಳಿಸ್ಲಿಲ್ವಾ? ಆ ಸಾಲು."

"ನನ್ನ ಜೋಡೀದು ಇನ್ನೂ ಮುಗಿದಿಲ್ಲ ಮೇಷ್ಟ್ರೇ."

"ಯಾವ ಜೋಡಿ?"

"ಕೆಂಪಿ. ಅವಳೂ ಓದ್ತಾಳೆ. ಅವಳದು ಮುಗಿಯೋ ತನಕ ನಾನು ಏಳೋ ಹಾಗಿಲ್ಲ."

ಇದು ಗಿರಣಿಯ ಕಾನೂನು, ಶಾಲೆಯದಲ್ಲ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಲಿಯುವ ಕಡೆಯೆಲ್ಲ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಇನ್‌ಸ್ಪೆಕ್ಟರ್ ನಕ್ಕು ಸೈಕಲ್ ಹತ್ತಿ ಹೊರಟುಹೋದರು. ಮೇಷ್ಟ್ರು ನಗಲಿಲ್ಲ. ಮಾರನೆಯ ದಿನವೂ ನಾನು ಮೂರನೆಯ ಸಾಲಿನಲ್ಲಿ ಕೂತೆ. ಅಂಗೈಗೆ ಎರಡು ಏಟು ಬಿತ್ತು. ಅದರ ಮಾರನೆಯ ದಿನವೂ ಕೂತೆ. ಪೊರಕೆಯನ್ನೂ ಮುಟ್ಟಲಿಲ್ಲ, ನೀರನ್ನೂ ತರಲಿಲ್ಲ. ಅವ್ವ ಮನೆಯಲ್ಲಿ, "ಸಿಕ್ಕಿದ್ದನ್ನ ಕೈಯಾರೆ ಕಳ್ಕೊಬ್ಯಾಡ ಕಣಮ್ಮಿ, ಹೆಸರು ಹೊಡೆದಾಕ್ತಾರೆ," ಎಂದು ಅತ್ತಳು. ನನಗೂ ಭಯವಿತ್ತು. ಆದರೆ ಮುಂದಿನ ಸಾಲಿಗೆ ಹೋಗಿ ಕೂತರೆ, ಬೆನ್ನ ಹಿಂದೆ ಯಾರೂ ಇಲ್ಲದ ಜಾಗದಲ್ಲಿ ಹೇಗೆ ಓದುವುದು ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಐದನೆಯ ದಿನ ಮೇಷ್ಟ್ರು ಬೆತ್ತವನ್ನು ಮೇಜಿನ ಮೇಲಿಟ್ಟು, "ಹೋಗಿ ಕರ್ಕೊಂಡ್ ಬಾ ಆ ಮಹಾರಾಯ್ತೀನ," ಅಂದರು.

ಕೆಂಪಿ ಬೆರಣಿ ತಟ್ಟುತ್ತಿದ್ದಳು. ಕೈ ತೊಳೆದುಕೊಂಡು ಓಡಿಬಂದಳು. ಅದೇ ಪುಸ್ತಕ, ಅದೇ ಆನೆ. ಅವಳು ನನಗಿಂತಲೂ ನಿಧಾನ. ನಡುವೆ ಒಂದು ಪದಕ್ಕೆ ಸಿಕ್ಕಿಬಿದ್ದು ನನ್ನತ್ತ ನೋಡಿದಳು. ನಾನು ಹೇಳಿಕೊಡಲಿಲ್ಲ, ಕಾದೆ. ಮೇಷ್ಟ್ರೂ ಕಾದರು. ಅವರು ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪದ ಬಂತು. ಪುಟ ಮುಗಿಯಿತು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದು, ಹೊಡೆದುಹಾಕಿದ್ದ ಹೆಸರಿನ ಕೆಳಗೆ ಮತ್ತೆ ಅದೇ ಹೆಸರನ್ನು ಬರೆದರು. "ಈಗಾದ್ರೂ ಏಳ್ತೀರೇನ್ರೇ ಇಬ್ರೂ?" ಅಂದರು. ಇಬ್ಬರೂ ಎದ್ದೆವು.

ನಾಲ್ಕನೆಯದು ಮುಗಿದ ಮೇಲೆ ಮುಂದಿನ ಶಾಲೆ ದೂರ, ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ನಾನು ಓದಿದ್ದು ಅಷ್ಟೇ. ಆ ಅಷ್ಟರಲ್ಲೇ ನಿಮ್ಮಪ್ಪನಿಗೂ ದೊಡ್ಡಪ್ಪನಿಗೂ ಅಕ್ಷರ ತಿದ್ದಿಸಿದೆ, ನಿಮ್ಮ ತಾತನ ಆಸ್ಪತ್ರೆಯ ಚೀಟಿಗಳನ್ನೆಲ್ಲ ಓದಿದೆ. ಓದುವಾಗ ನನ್ನ ಬೆರಳು ಸೀರೆಯ ಮೇಲೆ ಆಡುವುದನ್ನು ನೀವು ಅಜ್ಜಿಯ ಅಭ್ಯಾಸ ಎಂದುಕೊಂಡಿರಿ. ನಾಚಿಕೆಯಿಂದ ನಾನೂ ಯಾರಿಗೂ ಹೇಳಲಿಲ್ಲ. ಆ ನಾಚಿಕೆ ನನ್ನದಾಗಿರಬೇಕಿರಲಿಲ್ಲ.

ಮುನಿಯಪ್ಪ ತಾತನ ಮನೆಯ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ನಿಂತಿದೆ. ಜಗುಲಿ ಇರಲಿ, ನಿಲ್ಲಲು ಮೆಟ್ಟಿಲೂ ಇಲ್ಲ. ರಾಗಿ ಹೊಲಗಳು ಸೈಟುಗಳಾದವು. ಕೆಂಪಿ ತೀರಿಕೊಂಡು ಎರಡು ವರ್ಷವಾಯಿತು. ಮನೆ ಹೋದದ್ದನ್ನೂ ಹೊಲ ಹೋದದ್ದನ್ನೂ ತಡೆದುಕೊಳ್ಳಬಹುದು. ನಿಧಾನವಾದವರಿಗಾಗಿ ಕೂತು ಕಾಯುವುದು ಒಂದು ಕೆಲಸ ಎಂದು ತಿಳಿದಿದ್ದ ಜನ ಕಡಿಮೆಯಾದದ್ದನ್ನು ಮಾತ್ರ ನನಗೆ ತಡೆದುಕೊಳ್ಳಲಾಗುವುದಿಲ್ಲ. ಈಗ ಎಲ್ಲರಿಗೂ ಗಂಟೆ ಹೊಡೆಯುವುದರೊಳಗೆ ಮುಗಿಯಬೇಕು. ಕೆಂಗೇರಿಯಲ್ಲಿ ಹಾಗೆ ಕಾಯುವವರು ಯಾರಾದರೂ ಇದ್ದರೆ, ಪೃಥ್ವಿ, ನೀನು ತಲೆ ಎತ್ತಿಕೊಂಡೇ ಹೋಗು. ಅನನ್ಯಾ, ನೀನು ಬೇಗ ಓದುವವಳು. ಅಣ್ಣನದು ಮುಗಿಯುವ ತನಕ ಏಳಬೇಡ.

ಈ ಹಾಳೆಗಳನ್ನು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಜೋಪಾನವಾಗಿ ಇಟ್ಟುಕೊಳ್ಳಿ. ಯಾರಾದರೂ ತಪ್ಪು ತಿದ್ದಿ ಚೆನ್ನಾಗಿ ಟೈಪ್ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ, ನಾನು ಬರೆದ ಹಾಗೆಯೇ ಇಡಿ.