ನನ್ನ ಬಾಯಿಗೆ ಬಂದ ಲಗಾಮು

ಹೆಣ್ಣು ನೋಡಲು ದೇವದುರ್ಗದಿಂದ ಮಾನ್ವಿಗೆ ಬಂದಿದ್ದ ನಮ್ಮ ಅತ್ತೆ, ನನ್ನ ಮುಖವನ್ನು ಬಹಳ ಹೊತ್ತು ನೋಡಿ, ನನ್ನ ತಾಯಿಯ ಕಡೆ ಬಾಗಿ ಗುಟ್ಟಾಗಿ ಒಂದು ಮಾತು ಕೇಳಿದರು. ಅವರ ಗುಟ್ಟು ಹಿತ್ತಲದ ತನಕ ಕೇಳಿಸುವಂಥದ್ದು. "ಹುಡುಗಿಗಿ ಕೆಳಗಿನ ಹಲ್ಲ ಅದಾವೋ ಇಲ್ಲೋ?"

ಇದ್ದವು. ಆದರೆ ಬಾಯಿ ಮುಚ್ಚಿದರೆ ಮೇಲಿನ ಹಲ್ಲು ಪೆಟ್ಟಿಗೆಯ ಮುಚ್ಚಳದ ಹಾಗೆ ಇಳಿದು ಕೆಳಗಿನವನ್ನು ಪೂರಾ ಮುಚ್ಚಿಬಿಡುತ್ತಿದ್ದವು. ನಕ್ಕರೂ ಕಾಣುತ್ತಿರಲಿಲ್ಲ. "ಈ ಅನ್ನವ್ವಾ" ಎಂದಳು ತಾಯಿ. ನಾನು ಗದ್ದ ಮುಂದೆ ಚಾಚಿ "ಈ" ಎಂದೆ. ಅತ್ತೆ ದನದ ಸಂತೆಯಲ್ಲಿ ಹೋರಿ ನೋಡುವವರಷ್ಟೇ ಗಂಭೀರವಾಗಿ ಬಗ್ಗಿ ನೋಡಿ, "ಅದಾವ ಬಿಡ್ರಿ" ಎಂದರು. ಲಗ್ನ ಗಟ್ಟಿಯಾಯಿತು.

ಹಲ್ಲುಗಳು ಹಾಗೆ ಸುಮ್ಮನೆ ಇದ್ದಿದ್ದರೆ ನನಗೂ ಏನೂ ತಕರಾರು ಇರಲಿಲ್ಲ. ಆದರೆ ಮೂವತ್ತರ ಹತ್ತಿರ ಬರುವ ಹೊತ್ತಿಗೆ ಕೆಳಗಿನ ಹಲ್ಲುಗಳು ಮೇಲಿನ ಹಲ್ಲಿನ ಹಿಂದೆ ಅಂಗುಳಿಗೆ ನಾಟತೊಡಗಿದವು. ಪ್ರತಿ ತುತ್ತಿಗೂ ನನ್ನನ್ನು ನಾನೇ ಕಚ್ಚಿಕೊಳ್ಳುತ್ತಿದ್ದೆ. ಹುಣ್ಣು ಮಾಯುವುದು, ಮತ್ತೆ ಆಗುವುದು. ಹಕೀಮರು ಕಾಚು ಹಚ್ಚಿಸಿದರು, ಅತ್ತೆ ತುಪ್ಪ ಹಚ್ಚಿದರು. ದೇವದುರ್ಗದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಬರೀ ಸಲಹೆ ಕೊಟ್ಟರು: "ಸಾವಕಾಶ ತಿನ್ನು." ಕಡೆಗೆ ಅವರ ಸಾಹೇಬರು, ಕಲಕತ್ತಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರು ರಾಯಚೂರಿನಲ್ಲಿದ್ದಾರೆ ಎಂದು ಹೇಳಿದ ಮೇಲೆ, ಒಂದು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೊರಟರು.

ಲಡಾಯಿಯ ಕಾಲ. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಏರು ಬಂದಲ್ಲಿ ನಾವು ಇಳಿದು ನಡೆಯುತ್ತಿದ್ದೆವು, ಬಸ್ಸು ನಮ್ಮ ಹಿಂದೆ ಕೆಮ್ಮುತ್ತ ಬರುತ್ತಿತ್ತು. ರಾಯಚೂರು ಮುಟ್ಟುವ ಹೊತ್ತಿಗೆ ನನ್ನ ಗಂಡನ ಬಿಳಿ ಟೋಪಿ ಕರ್ರಗಾಗಿತ್ತು.

ಸ್ಟೇಷನ್ ಹತ್ತಿರದ ಒಂದು ಮಾಳಿಗೆ ಮೇಲೆ ಡಾಕ್ಟರ ದವಾಖಾನೆ. ವಯಸ್ಸಾದವರು, ತೆಲುಗು ಬೆರೆಸಿ ಕನ್ನಡ ಮಾತಾಡುವವರು. ಬಾಯಿ ನೋಡಿ, "ಅಮ್ಮಾ, ನಿಮ್ಮ ಮುಂದಿನ ಹಲ್ಲು ಜಾಸ್ತಿ ಇಳದಾವ, ಹಿಂದಿನ ದವಡಿ ಹಲ್ಲು ಸಾಕಷ್ಟು ಬೆಳದಿಲ್ಲ. ಅಂಗುಳಕ್ಕ ಒಂದು ಪ್ಲೇಟು ಹಾಕೋಣ. ಕೆಳಗಿನ ಹಲ್ಲು ಅದರ ಮೆಟ್ಟಲ ಮ್ಯಾಲೆ ಕುಂಡ್ರತಾವ. ಹಿಂದಿನವು ನಡುವೆ ಜಾಗ ಸಿಕ್ಕ ಮ್ಯಾಲೆ ಮೆಲ್ಲಗ ಬೆಳಕೊಂಡು ಒಂದಕ್ಕೊಂದು ಮುಟ್ಟತಾವ" ಎಂದರು.

"ಈ ವಯಸ್ಸಿನಾಗ ಹಲ್ಲು ಬೆಳೀತಾವೇನ್ರಿ?" ಎಂದೆ.

"ಸಣ್ಣವರಿಗಾದ್ರ ಓಡತಾವ, ನಿಮಗಾದ್ರ ನಡೀತಾವ."

ಆಮೇಲೆ ಅಚ್ಚು ತೆಗೆಯುವುದು. ಒಂದು ತಗಡಿನ ಚಮಚದಂಥದ್ದರಲ್ಲಿ ಗಚ್ಚಿನ ಹಿಟ್ಟು ಕಲಸಿ ನನ್ನ ಬಾಯಿಗೆ ತುಂಬಿ, ಮೇಲಕ್ಕೆ ಒತ್ತಿ ಹಿಡಿದರು. ಗಚ್ಚು ಬಿಸಿಯಾಗುತ್ತ ಗಟ್ಟಿಯಾಗುತ್ತಿತ್ತು. ನನಗೆ ಧೈರ್ಯ ಹೇಳಲು ಕೈ ಹಿಡಿದು ನಿಂತಿದ್ದ ಗಂಡ, "ಏನೂ ಆಗಂಗಿಲ್ಲ, ಏನೂ ಆಗಂಗಿಲ್ಲ" ಎನ್ನುತ್ತಲೇ ಬೆವೆತು, ಬಾಯಿಗೆ ರುಮಾಲು ಹಿಡಿದು ಹೊರಗೆ ಓಡಿದರು. ನಾನು ಬಾಯಿ ತುಂಬ ಗಚ್ಚು ಇಟ್ಟುಕೊಂಡು ಅವರು ಮೆಟ್ಟಿಲ ಮೇಲೆ ಓಕರಿಸುವುದನ್ನು ಕೇಳುತ್ತ ಕೂತಿದ್ದೆ. ಕಂಪೌಂಡರನು ಅವರಿಗೆ ಸೋಡಾ ತರಿಸಿಕೊಟ್ಟ. ಮನೆಗೆ ಬಂದು ಗಂಡ ಅತ್ತೆಗೆ ಹೇಳಿದ್ದು ಮಾತ್ರ, "ಈಕಿ ಅಂಜಿದ್ಲು, ನಾ ಇದ್ದೆ ಅಂತ ಆತು."

ಮುಂದಿನ ಸಲ ಹೋದಾಗ ಪ್ಲೇಟು ಸಿದ್ಧವಾಗಿತ್ತು. ಕಂದುಗೆಂಪು ಬಣ್ಣದ ಗಟ್ಟಿ ರಬ್ಬರು, ಅಂಗುಳಿನದೇ ಆಕಾರ, ಮುಂದೆ ಒಂದು ಸಣ್ಣ ಮೆಟ್ಟಿಲು, ದವಡೆ ಹಲ್ಲಿಗೆ ಸಿಕ್ಕಿಸುವ ತಂತಿಯ ಕೊಕ್ಕೆಗಳು. ಊಟದಲ್ಲಿಯೂ ಇರಬೇಕು, ತೊಳೆಯುವಾಗ ಮಾತ್ರ ತೆಗೆಯಬೇಕು ಎಂದರು ಡಾಕ್ಟರು. ಹಾಕಿಕೊಂಡು ಬಾಯಿ ಮುಚ್ಚಿದೆ. ಕೆಳಗಿನ ಹಲ್ಲು ಮೆಟ್ಟಿಲಿಗೆ ತಾಗಿ ನಿಂತವು, ದವಡೆಗಳು ನಡುವೆ ಗಾಳಿ ಬಿಟ್ಟುಕೊಂಡು ತೂಗುತ್ತಿದ್ದವು. ಜೊಲ್ಲು ಮಾತ್ರ ನಿಲ್ಲದೆ ಬಂತು. ಬಸ್ಸಿನ ತುಂಬ ನಾನು ಸೆರಗು ಬಾಯಿಗಿಟ್ಟುಕೊಂಡೇ ಬಂದೆ. ಪಕ್ಕದಲ್ಲಿ ಕೂತ ಮುದುಕಿ, ಗಂಡನ ಮನೆಗೆ ಅಳುತ್ತ ಹೊರಟಿದ್ದೇನೆಂದು ತಿಳಿದು ಸಮಾಧಾನ ಹೇಳಿದಳು.

ಮನೆಗೆ ಬಂದು ಅತ್ತೆಗೆ ತೆಗೆದು ತೋರಿಸಿದೆ. ಅವರು ಒಂದು ಮಾರು ದೂರ ಸರಿದು ನೋಡಿದರು.

"ಇದೇನು, ಲಗಾಮು! ಅತ್ತಿ ಕೈಲೆ ಆಗಲಾರದ್ದನ್ನ ನನ್ನ ಮಗ ರಾಯಚೂರಾಗ ಮಾಡಿಸ್ಕೊಂಡು ಬಂದಾನ ನೋಡು."

ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಲಗಾಮು.

ನಿಜವಾದ ತೊಂದರೆ ಊಟ ಆದ ಮೇಲೆ ಶುರುವಾಯಿತು. ನಮ್ಮ ಅತ್ತೆಗೆ ಎಂಜಲೆಂದರೆ ಬೆಂಕಿ ಇದ್ದ ಹಾಗೆ. ಅವರ ಅಡುಗೆಮನೆಯಲ್ಲಿ ರುಚಿ ನೋಡಿದ ಸೌಟು ತಿರುಗಿ ಪಾತ್ರೆಗೆ ಹೋಗುವಂತಿಲ್ಲ, ತಂಬಿಗೆ ತುಟಿಗೆ ತಾಗುವಂತಿಲ್ಲ. ಅಂಥವರ ಮನೆಯ ಸೊಸೆ ಉಂಡೆದ್ದು ಬಚ್ಚಲಿಗೆ ಹೋಗಿ ಬಾಯೊಳಗಿನದನ್ನೇ ತೆಗೆದು ತೊಳೆಯುತ್ತಾಳೆಂದರೆ?

"ಮಂದಿ ಉಂಡು ಕೈ ತೊಳಿತಾರ," ಎಂದರು ಬಾಗಿಲಲ್ಲಿ ನಿಂತು. "ಈಕಿ ಉಂಡು ಬಾಯಿನ ತೆಗದು ತೊಳಿತಾಳ."

ಅದನ್ನಿಡಲು ಹಿತ್ತಲದ ಗೋಡೆಯಲ್ಲಿ ಒಂದು ಗೂಡು ಗೊತ್ತುಮಾಡಿ ಕೊಟ್ಟರು. ಅದಕ್ಕೊಂದು ತೆಂಗಿನ ಕರಟ. ತೊಳೆದ ನೀರು ತುಳಸಿಯ ಕಡೆ ಹರಿಯಬಾರದು. ಅದನ್ನು ಮುಟ್ಟಿದ ಕೈಯನ್ನು ಬೂದಿಯಿಂದ ತಿಕ್ಕಿ ತೊಳೆಯದೆ ಕೊಡ ಮುಟ್ಟಬಾರದು. ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು: ಲಿಂಗಪೂಜೆಗೆ ಕೂಡುವಾಗ ನಾನು ಲಗಾಮು ಹಾಕಿಕೊಂಡಿರಬೇಕೋ ಬಿಚ್ಚಿಡಬೇಕೋ? ಅತ್ತೆಗೆ ಇದು ನಿದ್ದೆಗೆಡಿಸುವ ವಿಷಯ. ಸೋಮವಾರ ಪ್ರಸಾದಕ್ಕೆ ಬಂದ ಮಠದ ಅಯ್ಯನವರ ಮುಂದೆ ಇಟ್ಟರು.

ಅಯ್ಯನವರು ತಾಳ್ಮೆಯಿಂದ ಪೂರಾ ಕೇಳಿಸಿಕೊಂಡರು. "ಯವ್ವಾ, ನೀವು ಹಲ್ಲ ಕಿತ್ತಿಟ್ಟು ಪೂಜಿಗಿ ಕುಂಡ್ರತೀರೇನು?"

"ಇಲ್ರಿ."

"ಹಂಗಾದ್ರ ಆಕಿನೂ ಹಾಕ್ಕೊಂಡ ಕುಂಡ್ರಲಿ." ಅಷ್ಟು ಹೇಳಿ ನನ್ನ ಕಡೆ ತಿರುಗಿ, "ಅಂದಂಗ, ಒಮ್ಮಿ ತೋರಿಸ ನೋಡೂಣು" ಎಂದರು.

ಮೊದಮೊದಲು ರೊಟ್ಟಿ ಅಗಿಯಲು ಆಗಲೇ ಇಲ್ಲ. ದವಡೆ ಒಂದಕ್ಕೊಂದು ಮುಟ್ಟಿದರಲ್ಲವೇ ಅಗಿಯುವುದು. ನುಚ್ಚು, ಮಜ್ಜಿಗೆ, ಅಂಬಲಿ. ಮಾತೂ ನನ್ನದಾಗಿರಲಿಲ್ಲ. ಸಾರು ಎಂದರೆ "ಶ್ಶಾರು" ಆಗುತ್ತಿತ್ತು. ಆದ್ದರಿಂದ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದೆ. ಸೊಸೆ ನುಚ್ಚು ಉಣ್ಣುತ್ತಾಳೆ, ಮಾತಿಲ್ಲ, ಸೆರಗು ಬಾಯಿಗೆ ಹಿಡಿದು ಹಿತ್ತಲಕ್ಕೆ ಓಡುತ್ತಾಳೆ: ಇದನ್ನು ನೋಡಿದ ಓಣಿಯ ಹೆಂಗಸರಿಗೆ ಲೆಕ್ಕ ಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. ಒಬ್ಬಾಕೆ ಸೆರಗಿನಲ್ಲಿ ಹುಣಸೆಕಾಯಿ ತಂದು ನನ್ನ ಕೈಗಿಟ್ಟು ಕಣ್ಣು ಮಿಟುಕಿಸಿದಳು. ಅತ್ತೆಗೆ ಅವಮಾನವೋ ನಗೆಯೋ ತಿಳಿಯದೆ, "ಹುಟ್ಟೂದಿದ್ರ ಹಲ್ಲ ಹುಟ್ಟಬೇಕವಾ" ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಎಲ್ಲರಿಗಿಂತ ಖುಷಿಯಾಗಿದ್ದವರು ನನ್ನ ಗಂಡ. ಕಚೇರಿಯಿಂದ ತಡವಾಗಿ ಬಂದರೂ ಕೇಳುವವರಿರಲಿಲ್ಲ. ಅದು ಬಹಳ ದಿನ ನಡೆಯಲಿಲ್ಲ. ನಾಲಿಗೆ ತನ್ನ ದಾರಿ ತಾನೇ ಕಂಡುಕೊಂಡಿತು, "ಸ" ಒಂದನ್ನು ಬಿಟ್ಟು.

ಆ ಶ್ರಾವಣದಲ್ಲಿ ಪಂಚಮಿಗೆ ಮಾನ್ವಿಯ ತವರಿಗೆ ಹೋದೆ. ಲಗಾಮು ಬಾಯಲ್ಲೇ ಇತ್ತು. ಹಿತ್ತಲದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನನ್ನನ್ನು ಕರೆದೊಯ್ಯಲು ಅತ್ತೆ ಅವತ್ತೇ ಬಂದಿಳಿದಿದ್ದರು. ಬೀಗಿತ್ತಿ ಎಂದು ಅವರನ್ನು ಕಂಬಳಿ ಹಾಸಿದ ಹೊರಸಿನ ಮೇಲೆ ಕೂಡಿಸಿ, ಮುಂದೆ ಅಳ್ಳು, ಉಂಡಿ ಇಟ್ಟು, ನನ್ನ ತಾಯಿ ಗಾಳಿ ಬೀಸುತ್ತಿದ್ದಳು. ಅತ್ತೆ ದೊಡ್ಡ ಮನುಷ್ಯರ ಹಾಗೆ ಒಂದೊಂದೇ ಅಳ್ಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಜೋಕಾಲಿ ಏರಿದವಳು ಗಂಡನ ಹೆಸರು ಹೇಳದೆ ಇಳಿಯುವಂತಿಲ್ಲ. ನನ್ನ ಗಂಡನ ಹೆಸರಿನ ಮೊದಲ ಅಕ್ಷರವೇ "ಸ". ಇದು ಗೊತ್ತಿದ್ದೇ ನನ್ನ ಅಣ್ಣನ ಹೆಂಡತಿ ಜೀಕು ಕೊಡುತ್ತ, "ಹೆಸರ ಹೇಳ್ರಿ, ಹೇಳಲಿಲ್ಲಂದ್ರ ಇಳಸಂಗಿಲ್ಲ" ಎಂದು ಕೂಗುತ್ತಿದ್ದಳು. ಸುತ್ತ ನಿಂತ ಹೆಂಗಸರೆಲ್ಲ ಕಿವಿ ತೆರೆದುಕೊಂಡು ಕಾಯುತ್ತಿದ್ದರು. ಜೋಕಾಲಿ ಬೇವಿನ ಟೊಂಗೆ ಮುಟ್ಟುವಷ್ಟು ಏರಿತು. ನಾನು ನಗುತ್ತ, ದಮ್ಮು ಹಿಡಿದು, ಹೆಸರು ಹೇಳಲು ಜೋರಾಗಿ ಬಾಯಿ ತೆಗೆದೆ. ಹೆಸರು ಒಳಗೇ ಉಳಿಯಿತು. ಲಗಾಮು ಹಾರಿತು. ಬಿಸಿಲಲ್ಲಿ ಒಮ್ಮೆ ಫಳ್ ಎಂದು ಗೋಡೆಯ ಕಡೆ ಹೋದದ್ದಷ್ಟೇ ಕಂಡಿದ್ದು. ಗೋಡೆಯ ಪಕ್ಕಕ್ಕೆ ತಿಪ್ಪೆ.

ನಗೆ ನಿಂತಿತು. ಜೋಕಾಲಿ ಹಿಡಿದು ನಿಲ್ಲಿಸಿದರು. ಮಳೆ ಬಿದ್ದು ಕೊಳೆತ ತಿಪ್ಪೆ, ಕಾಲಿಟ್ಟರೆ ಇಳಿಯುವಂಥದ್ದು. ಹೆಂಗಸರು ಅಂಚಿನಲ್ಲಿ ನಿಂತು ಕೋಲಿನಿಂದ ಅಲ್ಲಲ್ಲಿ ಚುಚ್ಚಿದರು. ಹಬ್ಬದ ಸೀರೆ ಎಲ್ಲರದೂ. ನನಗೆ ಅಳು ಬಂತು. ಅಷ್ಟು ದಿನದ ನುಚ್ಚು, ಅಷ್ಟು ದಿನದ ಜೊಲ್ಲು, ಎಲ್ಲಾ ಅಲ್ಲಿ ಬಿದ್ದಿತ್ತು. ಅಂಗುಳಿನ ಹುಣ್ಣು ಮಾಯ್ದು ತಿಂಗಳುಗಳಾಗಿದ್ದದ್ದೂ ಅದರಿಂದಲೇ.

"ಆಕಡೆ ಸರೀರಿ."

ತಿರುಗಿ ನೋಡಿದರೆ ಅತ್ತೆ. ಹೊರಸಿನಿಂದ ಎದ್ದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಳೆ ಮೇಲಕ್ಕೆ ಸರಿಸಿಕೊಂಡು ಬರುತ್ತಿದ್ದರು. ನನ್ನ ತಾಯಿ ಗಾಬರಿಯಾಗಿ, "ಯವ್ವಾ, ಬೀಗರಾಗಿ ನೀವು ತಿಪ್ಪಿಗಿ ಇಳೀತೀರೇನ್ರಿ! ನಮ್ಮ ಮರ್ಯಾದಿ ಏನಾಗಬೇಕು?" ಎಂದು ಕೈ ಹಿಡಿದಳು.

"ನಿಮ್ಮ ಮರ್ಯಾದಿ ಆಮ್ಯಾಲೆ ನೋಡೂಣು. ಮದಲ ನಮ್ಮ ಸೊಸಿ ಬಾಯಿ ಹುಡುಕೂಣು," ಎಂದು ಕೈ ಬಿಡಿಸಿಕೊಂಡು ಇಳಿದೇಬಿಟ್ಟರು.

ಎರಡೂ ಕೈಯಿಂದ ಸಗಣಿ, ಕಸ, ಸೊಪ್ಪೆ ಬಗೆದರು. ಎಂಜಲ ಸೌಟಿಗೆ ಮೂಗು ಮುರಿಯುವವರು. ನಾನೂ ಇಳಿದೆ, ಅಣ್ಣನ ಹೆಂಡತಿಯೂ ಇಳಿದಳು. ಸಿಕ್ಕಿದ್ದು ಮಾತ್ರ ಅತ್ತೆಗೇ. ಒಂದು ಕೊಕ್ಕೆ ಸ್ವಲ್ಪ ಸೊಟ್ಟಾಗಿತ್ತು, ಅಷ್ಟೆ. ಬಾವಿಕಟ್ಟೆಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬಿಸಿನೀರು ಸುರಿದರು, ಮತ್ತೆ ತಿಕ್ಕಿದರು, ತಮ್ಮ ಸೆರಗಿನಲ್ಲೇ ಒರೆಸಿದರು.

"ಹಾಕ್ಕೋ."

"ತಿಪ್ಪಿಯಾಗ ಬಿದ್ದದ್ದರೀ ಅತ್ತಿ..."

"ನಾ ತೊಳದೀನಿ," ಎಂದರು. ಹಾಕಿಕೊಂಡೆ. ಆ ಸೊಟ್ಟ ಕೊಕ್ಕೆ ಕೆನ್ನೆಗೆ ಚುಚ್ಚುತ್ತಿತ್ತು, ರಾಯಚೂರಿಗೆ ಹೋಗಿ ಸರಿ ಮಾಡಿಸುವ ತನಕ ಆ ನೋವನ್ನು ನಾನು ಯಾರ ಮುಂದೂ ಹೇಳಲಿಲ್ಲ.

ದೇವದುರ್ಗಕ್ಕೆ ಮರಳಿದ ಮೇಲೆ ಗೂಡು ಬದಲಾಗಲಿಲ್ಲ, ಬೂದಿಯ ನಿಯಮವೂ ಸಡಿಲವಾಗಲಿಲ್ಲ. ಅತ್ತೆ ಹಾಗೆಲ್ಲ ಬದಲಾಗುವವರಲ್ಲ. ಆದರೆ ಕರಟ ಹೋಗಿ ಒಂದು ಹಿತ್ತಾಳೆ ಬಟ್ಟಲು ಬಂತು, ಅದನ್ನು ಅವರೇ ಬೆಳಗಿ ಇಡುತ್ತಿದ್ದರು. ಪಂಚಮಿಯ ಕತೆಯನ್ನು ಓಣಿಯಲ್ಲಿ ಹೇಳಿದ್ದೂ ಅವರೇ. ಪ್ರತಿ ಸಲ ಹೇಳುವಾಗಲೂ ಮಾನ್ವಿಯ ತಿಪ್ಪೆ ಒಂದಿಷ್ಟು ಎತ್ತರವಾಗುತ್ತಿತ್ತು. ನನ್ನ ತವರಿನವರು ಅಷ್ಟು ದೊಡ್ಡ ಒಕ್ಕಲುತನದವರೆಂದು ಊರಿಗೆ ಗೊತ್ತಾಗಿದ್ದು ಹಾಗೆ.

ನಾವು ಹೋದಾಗೆಲ್ಲ ಡಾಕ್ಟರು ಮೆಟ್ಟಿಲು ಒಂದಿಷ್ಟು ಕೆರೆದು ಕೊಡುತ್ತಿದ್ದರು. ಮೆಲ್ಲಗೆ ದವಡೆ ಹಲ್ಲುಗಳು ಮುಟ್ಟಿದವು. ಕಡೆಯ ಸಲ ಕನ್ನಡಿ ಕೊಟ್ಟು, "ಅರ್ಧ ಆಗೇದಮ್ಮಾ. ನಿಮ್ಮ ವಯಸ್ಸಿಗೆ ಅರ್ಧ ಅಂದ್ರ ಪೂರಾ. ರಾತ್ರಿ ಹಾಕ್ಕೊಳ್ಳೋದು ಬಿಡಬ್ಯಾಡ್ರಿ" ಎಂದರು. ಗಂಡ ಬಗ್ಗಿ ನೋಡಿ, "ನನಗೇನೂ ಫರಕ ಕಾಣಂಗಿಲ್ಲ" ಎಂದರು. ಹದಿಮೂರು ವರ್ಷ ನನ್ನ ಮುಖ ನೋಡಿಕೊಂಡೇ ಉಂಡವರು.

ಅತ್ತೆ ಇರುವ ತನಕ ರಾತ್ರಿ ತಪ್ಪದೆ ಹಾಕಿಕೊಂಡೆ, ಅವರು ಕೇಳುತ್ತಿದ್ದರಲ್ಲ. ಅವರು ಹೋದ ಮೇಲೆ ಒಮ್ಮೆ ಮರೆತೆ, ಮತ್ತೊಮ್ಮೆ ಮರೆತೆ. ಒಂದು ಬೇಸಿಗೆಯಲ್ಲಿ ರಬ್ಬರು ತಾನಾಗಿ ಸೀಳಿತು. ಡಾಕ್ಟರೂ ಆಗಲೇ ಊರು ಬಿಟ್ಟಿದ್ದರು. ಹಲ್ಲುಗಳು ಒಂದಿಷ್ಟು ಹಳೆಯ ಜಾಗಕ್ಕೆ ಮರಳಿವೆ, ಪೂರಾ ಮರಳಿಲ್ಲ. ಹುಣ್ಣು ಮಾತ್ರ ಮತ್ತೆ ಆಗಲಿಲ್ಲ.